ಯುದ್ಧ ಕೇಳಿ ಸೋತ ದಂಡನಾಯಕರು

ಮಾವಿನ ಮರದ ಮೇಲೆ ಕೆಂಜಿಗ ಇರುವೆಗಳ ರಾಜ್ಯವಿತ್ತು, ಬುಡದಲ್ಲಿ ಕಪ್ಪು ಗೊದ್ದ ಇರುವೆಗಳದು. ಕೆಂಜಿಗಗಳು ಚಿಗುರಿನ ಸಿಹಿರಸ ಇಳಿಸಿಕೊಡುತ್ತಿದ್ದವು, ಗೊದ್ದಗಳು ಕಾಳು ಹೊತ್ತು ತರುತ್ತಿದ್ದವು. ಸಭೆ ಕೂಡದೆ ಎರಡೂ ಕಡೆ ಯಾವ ತೀರ್ಮಾನವೂ ಆಗುತ್ತಿರಲಿಲ್ಲ.

ಒಮ್ಮೆ ಗಡಿಯ ಬೇರಿನ ಮೇಲೆ ಜಗಳವಾಗಿ, ಗೊದ್ದವೊಂದು ಕೆಂಜಿಗ ಕಾವಲುಗಾರನ ಕಾಲು ಕತ್ತರಿಸಿತು. ಕೆಂಜಿಗಗಳ ದಂಡನಾಯಕ ಚೂಪಣ್ಣ ಸಭೆಯಲ್ಲಿ ಗುಡುಗಿದ: "ಅಪ್ಪಣೆ ಕೊಡಿ, ಸಂಜೆಯೊಳಗೆ ಅವರ ಗೂಡು ನಮ್ಮದು."

ಮರಿಗಳನ್ನು ಸಾಕುವ ಮುದುಕಿಯೊಬ್ಬಳು ಎದ್ದಳು. "ಆಮೇಲೆ ಈ ಮಕ್ಕಳಿಗೆ ಕಾಳು ತರುವವರು ಯಾರಪ್ಪ? ಅವರಿಗೂ ಸಭೆಯಿದೆ. ಮೊದಲು ಅಲ್ಲಿ ನ್ಯಾಯ ಕೇಳು."

ಸಭೆ ಅವಳ ಮಾತಿಗೇ ಒಪ್ಪಿತು. ಚೂಪಣ್ಣ ಅವಮಾನ ನುಂಗಿಕೊಂಡು ದೂತನಾಗಿ ಬೇರಿಗಿಳಿದ. ಅಲ್ಲಿ ಗೊದ್ದಗಳ ದಂಡನಾಯಕ ಮುಖ ಸಪ್ಪಗೆ ಮಾಡಿಕೊಂಡು ಅವನಿಗಾಗಿಯೇ ಕಾದಿದ್ದ.

"ನಾನೂ ಯುದ್ಧವನ್ನೇ ಕೇಳಿದೆ. ರಸ ನಿಂತರೆ ಗತಿಯೇನೆಂದು ನಮ್ಮ ಸಭೆ ನನ್ನನ್ನು ಕೂರಿಸಿತು. ತಪ್ಪು ಮಾಡಿದವನಿಗೆ ಶಿಕ್ಷೆಯಾಗಿದೆ. ನಿಮ್ಮ ಕಾವಲುಗಾರನನ್ನು ಸಾಕುವ ಹೊಣೆ ಇನ್ನು ನಮ್ಮದು."

ಚೂಪಣ್ಣ ಅವನ ಬಲವಾದ ದವಡೆಗಳನ್ನು ನೋಡಿದ. "ನನ್ನ ಮಾತು ನಡೆದಿದ್ದರೆ ಈ ಹೊತ್ತಿಗೆ ನೀನು ಸತ್ತಿರುತ್ತಿದ್ದೆ."

"ಇಲ್ಲವೇ ನೀನು," ಎಂದ ಗೊದ್ದ.

ಸೋತ ದಂಡನಾಯಕರಿಬ್ಬರೂ ಬೇರಿನ ಮೇಲೆ ಕೂತು, ತಮ್ಮ ತಮ್ಮ ಸಭೆಯನ್ನು ಹೊಗಳತೊಡಗಿದರು.