ಮೇಣದ ಮೇಲೆ ಗಾಂಧಾರ

"ಗುರುಗಳೇ, ಸ್ವರಗಳ ನಡುವಿನ ದೂರವನ್ನು ಗುರುತಿಸುವ ಕಿವಿ ಹುಟ್ಟಿನಿಂದಲೇ ಬರಬೇಕೇ?" ಎಂದು ಶಿಷ್ಯೆ ಕೇಳಿದಳು. "ನೀವು ಎರಡು ಸ್ವರ ನುಡಿಸಿ ಎರಡನೆಯದು ಯಾವುದೆಂದು ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ."

ಗುರುಗಳು ತಮ್ಮ ವೀಣೆಯನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಬ್ಬ ವರ್ತಕನ ಸೊಸೆ ವೀಣೆ ಕಲಿಯುತ್ತಿದ್ದಳು. ಅವಳ ಬೆರಳು ಚುರುಕು. ಕುಳಿತುಕೊಳ್ಳುವ ರೀತಿಯಲ್ಲೂ ಕೊರತೆಯಿರಲಿಲ್ಲ. ಆದರೆ ಅವಳು ವೀಣೆಯ ತಂತಿಗಳ ಕೆಳಗಿನ ಪ್ರತಿಯೊಂದು ಹಿತ್ತಾಳೆ ಮೆಟ್ಟಿಲಿನ ಪಕ್ಕದಲ್ಲಿ ಒಂದು ಬಣ್ಣದ ಬೊಟ್ಟು ಇಟ್ಟುಕೊಂಡಿದ್ದಳು. ಕೆಂಪು ಬೊಟ್ಟು ಪಂಚಮ, ಹಳದಿ ಗಾಂಧಾರ. ಬೊಟ್ಟು ನೋಡಿ ಬೆರಳಿಡುತ್ತಿದ್ದಳು. ಹಾಡು ತಪ್ಪುತ್ತಿರಲಿಲ್ಲ.

ಅವಳ ಗುರುಮನೆಯಲ್ಲಿ ಒಂದು ಪದ್ಧತಿಯಿತ್ತು. ರಾಮನವಮಿಯ ಸಭೆಯಲ್ಲಿ ನುಡಿಸಬೇಕಾದರೆ ಮೊದಲು ಗುರುವಿಗೆ ಬೆನ್ನು ಮಾಡಿ ಕುಳಿತುಕೊಳ್ಳಬೇಕು. ಗುರು ಷಡ್ಜವನ್ನು ಮೀಟಿ, ಅನಂತರ ಇನ್ನೊಂದು ಸ್ವರವನ್ನು ಮೀಟುತ್ತಾರೆ. ಅದು ಯಾವುದೆಂದು ಹೇಳಬೇಕು. ಸೊಸೆ ಕುಳಿತಳು. ಪಂಚಮವನ್ನು ಮಧ್ಯಮವೆಂದಳು. ನಿಷಾದವನ್ನು ಧೈವತವೆಂದಳು.

"ಅಕ್ಕಾ, ಬೆನ್ನಿಗೂ ಎರಡು ಕಣ್ಣು ಮಾಡಿಸಿಕೊಳ್ಳಿ," ಎಂದಳು ಸಹಪಾಠಿಯೊಬ್ಬಳು. ಎಲ್ಲರೂ ನಕ್ಕರು.

ಗುರು ನಗಲಿಲ್ಲ. "ಬರುವ ರಾಮನವಮಿಗೆ ಇನ್ನೊಮ್ಮೆ ಕೂರಮ್ಮ. ಆಗಲೂ ತಪ್ಪಿದರೆ ಇಲ್ಲಿಗೆ ಬರುವುದು ಬೇಡ," ಎಂದರು.

ಸೊಸೆ ನೇರವಾಗಿ ವೀಣೆ ಮಾಡುವವನ ಅಂಗಡಿಗೆ ಹೋದಳು. ಮೆಟ್ಟಿಲುಗಳನ್ನೆಲ್ಲ ಕಿತ್ತುಕೊಡಬೇಕೆಂದಳು.

"ತಾಯಿ, ಮೆಟ್ಟಿಲು ಕೂರಿಸಿಕೊಡಿ ಎಂದು ಬರುವವರುಂಟು. ಕಿತ್ತುಕೊಡಿ ಎಂದು ಬಂದವರು ನೀವೇ ಮೊದಲು."

"ನೀವು ಕಿತ್ತುಕೊಡಿ. ಕೂರಿಸುವುದು ನನಗಿರಲಿ."

ವೀಣೆಯ ಮೆಟ್ಟಿಲುಗಳು ನಿಲ್ಲುವುದು ಮೇಣದ ಮೇಲೆ. ಮೇಣ ಬಿಸಿಯಾಗಿರುವಾಗ ಹಿತ್ತಾಳೆಯ ಪಟ್ಟಿಯನ್ನು ಅತ್ತಿತ್ತ ಸರಿಸಬಹುದು. ಆರಿದ ಮೇಲೆ ಅದು ಅಲ್ಲಿಯೇ ನಿಲ್ಲುತ್ತದೆ. ಅವಳು ಹಳೆಯ ಬೊಟ್ಟುಗಳನ್ನು ಒರೆಸಿದಳು. ಮೊದಲು ಪಂಚಮವನ್ನು ಹಿಡಿದಳು. ಷಡ್ಜ ಮೀಟುವಳು, ಪಟ್ಟಿ ಇಟ್ಟು ಮೀಟುವಳು. ಎರಡು ನಾದಗಳು ಒಂದನ್ನೊಂದು ತಳ್ಳಿಕೊಂಡು ನಡುಗಿದರೆ ಪಟ್ಟಿಯನ್ನು ಕೀಳುವಳು. ಮತ್ತೆ ಮೇಣ ಕಾಯಿಸುವಳು. ಮಳೆಗಾಲ ಮುಗಿಯುವ ಹೊತ್ತಿಗೆ ಪಂಚಮವೊಂದು ನಿಂತಿತು.

"ಸಂಗೀತ ಬರುವ ಸೊಸೆ ಎಂದು ತಂದುಕೊಂಡೆ," ಎಂದರು ಅತ್ತೆ. "ಮನೆಯೆಲ್ಲ ಮೇಣದ ವಾಸನೆ. ಒಂದು ಹಾಡಿಲ್ಲ, ಹಸೆಯಿಲ್ಲ."

"ಹಾಡು ಕೂರಲು ಜಾಗ ಮಾಡುತ್ತಿದ್ದೇನೆ, ಅತ್ತೆಮ್ಮ," ಎಂದು ಸೊಸೆ ಮೇಣದ ಬಾಣಲೆಯನ್ನು ಒಲೆಯ ಮೇಲಿಟ್ಟಳು.

ಮಧ್ಯಮ ಸಿಕ್ಕಿತು. ರಿಷಭ, ಧೈವತ, ನಿಷಾದಗಳೂ ಸಿಕ್ಕವು. ಗಾಂಧಾರ ಮಾತ್ರ ಹಟ ಹಿಡಿಯಿತು. ಒಂದು ದಿನ ಬೇಸತ್ತು, ಪಟ್ಟಿಯನ್ನು ಕೆಳಗಿಟ್ಟು, ಮಂದ್ರದ ತಂತಿಯನ್ನು ಸುಮ್ಮನೆ ಮೀಟಿ ಕುಳಿತಳು. ಷಡ್ಜದ ನಾದ ಇಳಿಯುತ್ತಾ ಹೋಯಿತು. ಅದು ಇಳಿಯುವಾಗ ಅದರ ಒಳಗಿನಿಂದಲೇ ಸಣ್ಣಗೆ ಇನ್ನೊಂದು ಸ್ವರ ಕೇಳಿಸಿತು. ಅದು ಗಾಂಧಾರ. ಅವಳು ವೀಣೆ ಹಿಡಿದ ಮೊದಲ ದಿನದಿಂದಲೂ ಅದು ಅಲ್ಲಿತ್ತು. ಅವಳು ಮೇಣ ಕಾಯಿಸಿ ಪಟ್ಟಿಯನ್ನು ಆ ಸ್ವರದ ಹತ್ತಿರಕ್ಕೆ ತಂದಳು. ನಡುಕ ನಿಂತಿತು. ಮನೆಯಲ್ಲಿದ್ದವರಿಗೆ ಕೇಳುವಂತೆ ಗಟ್ಟಿಯಾಗಿ ನಕ್ಕಳು.

ಚೈತ್ರ ಬಂತು. ಬಿಸಿಲು ಏರಿತ್ತು. ಸೊಸೆ ಗುರುವಿಗೆ ಬೆನ್ನು ಮಾಡಿ ಕುಳಿತಳು. ಪಂಚಮವೆಂದಳು, ಸರಿ. ಧೈವತವೆಂದಳು, ಸರಿ. ಗುರು ಮತ್ತೊಂದು ಸ್ವರವನ್ನು ಮೀಟಿದರು. ಸೊಸೆ ತಲೆ ವಾಲಿಸಿ ಕಿವಿಗೊಟ್ಟಳು.

"ಮುಗಿಯಿತು," ಎಂದಳು ಅದೇ ಸಹಪಾಠಿ.

"ಇನ್ನೊಮ್ಮೆ ನುಡಿಸುತ್ತೀರಾ, ಗುರುಗಳೇ?"

ಗುರು ನುಡಿಸಿದರು.

"ಇದು ಗಾಂಧಾರವಾಗಬೇಕಿತ್ತು. ಆಗಿಲ್ಲ. ಕೂದಲೆಳೆಯಷ್ಟು ಕೆಳಗಿದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಗುರುವಿನ ವೀಣೆಯಲ್ಲಿ ತಪ್ಪು ಹುಡುಕಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಗುರು ವೀಣೆಯ ಮೇಲೆ ಬಾಗಿದರು. ಅದೇ ಸ್ವರವನ್ನು ಮೀಟಿ, ನಾದ ಆರುವ ತನಕ ಕೇಳಿದರು. ಬೆರಳಿನಿಂದ ಮೆಟ್ಟಿಲನ್ನು ಒತ್ತಿ ನೋಡಿದರು. ಬಿಸಿಲಿಗೆ ಮೇಣ ಮೆತ್ತಗಾಗಿತ್ತು, ಮೆಟ್ಟಿಲು ಸರಿದಿತ್ತು.

ಗುರು ಎದ್ದು ಬಂದು ತಮ್ಮ ವೀಣೆಯನ್ನು ಅವಳ ಮಡಿಲಲ್ಲಿ ಇಟ್ಟರು. "ಸರಿಮಾಡಿಕೊಡಮ್ಮ. ನನ್ನ ಕಿವಿ ಅಭ್ಯಾಸಕ್ಕೆ ಬಿದ್ದಿತ್ತು."

ಅವಳು ಕೆಂಡ ತರಿಸಿ ಮೇಣವನ್ನು ಕಾಯಿಸಿದಳು. ಕಣ್ಣು ಮುಚ್ಚಿಕೊಂಡು ಮೆಟ್ಟಿಲನ್ನು ತಳ್ಳಿದಳು. ಒಮ್ಮೆ ಮೀಟಿದಳು. ಗಾಂಧಾರ ಸಭೆಯ ಕೊನೆಯ ಸಾಲಿನವರೆಗೆ ಹೋಗಿ ನಿಂತಿತು. ನಕ್ಕಿದ್ದ ಸಹಪಾಠಿಯೇ ಮೊದಲು "ಭಲೇ ಅಕ್ಕಾ!" ಎಂದಳು. ಆ ವರ್ಷ ರಾಮನವಮಿಯ ಸಭೆಯಲ್ಲಿ ಮೊದಲು ನುಡಿಸಿದವಳು ವರ್ತಕನ ಸೊಸೆ. ನುಡಿಸಿದ್ದು ಗುರುವಿನ ವೀಣೆ. ಮುಂದಿನ ಸಾಲಿನಲ್ಲಿ ಕುಳಿತ ಅವಳ ಅತ್ತೆ, ಇವಳು ನನ್ನ ಸೊಸೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು.

ಕತೆ ಮುಗಿಯಿತು. ಶಿಷ್ಯೆ ನಿಟ್ಟುಸಿರು ಬಿಟ್ಟಳು. "ಅವಳದು ಪುಣ್ಯದ ಕಿವಿ, ಗುರುಗಳೇ. ನನಗೆ ಅಂಥದ್ದು ಎಲ್ಲಿಂದ ಬರಬೇಕು?"

ಗುರುಗಳು ಕೇಳಿದರು: "ನಿನ್ನ ವೀಣೆಯ ಮೆಟ್ಟಿಲುಗಳನ್ನು ಕೂರಿಸಿದವರು ಯಾರು?"