ಹುತ್ತಕ್ಕೆ ತಂಪಿನ ಕರಾರು

ಮೊಟ್ಟೆ ಇಡುವ ಮುನ್ನ ಹುತ್ತ ತಂಪು ಮಾಡಿಸಲೆಂದು ನಾಗರಹಾವು ಗೆದ್ದಲು ಮೇಸ್ತ್ರಿಯನ್ನು ಕರೆಸಿತು. ಬಿಸಿಲು ಯಾರಿಗೆ ತಾನೇ ಬುದ್ಧಿ ಕಲಿಸದು ಹೇಳಿ.

"ಮೇಸ್ತ್ರಿಗಳೇ, ಬೇಸಿಗೆಯೆಲ್ಲ ಒಳಗೆ ತಂಪಿರಬೇಕು, ಗೋಡೆಗೆ ಒಂದು ತೂತೂ ಇರಕೂಡದು. ಈ ಕರಾರಿಗೆ ಒಪ್ಪಿಗೆಯೇ?"

"ಒಪ್ಪಿಬಿಟ್ಟರೆ ಬೇಯುವುದು ನಿಮ್ಮ ಮೊಟ್ಟೆ, ತಾಯಿ. ಗಾಳಿಯಾಡದೆ ತಂಪಾಗದು. ತೂತೆಂದರೆ ಯಾಕಿಷ್ಟು ಭಯ?"

ಹಾವಿನ ಹೆಡೆ ತಗ್ಗಿತು. "ಹೋದ ವರ್ಷ ಮುಂಗುಸಿ ಗೋಡೆಯ ತೂತಿನಿಂದಲೇ ನುಗ್ಗಿ ಮೊಟ್ಟೆಗಳನ್ನು ತಿಂದುಹೋಯಿತು."

"ಅದನ್ನು ಮೊದಲೇ ಹೇಳಬಾರದೇ? ತೂತುಗಳು ಬೇಕಾದಷ್ಟಿರಲಿ, ಒಂದೊಂದನ್ನೂ ನನ್ನ ಮೈಯಷ್ಟೇ ಅಗಲಕ್ಕೆ ಕೊರೆಯುತ್ತೇನೆ. ಬಾಗಿಲು ಕಾಯುವುದು ಮಾತ್ರ ನಿಮ್ಮ ಪಾಲಿನ ಕೆಲಸ, ಅದನ್ನೂ ಕರಾರಿಗೆ ಸೇರಿಸಿ."

ಹಾವು ಸಂತೋಷದಿಂದ ಸೇರಿಸಿತು.

ಬೇಸಿಗೆಯಲ್ಲಿ ಮುಂಗುಸಿ ಬಂದೇ ಬಂತು. ಬಾಗಿಲಲ್ಲಿ ಹೆಡೆ ಕಂಡು ಗೋಡೆಯತ್ತ ತಿರುಗಿ, ತೂತಿಗೆಲ್ಲ ಮೂತಿ ಒತ್ತಿತು. ಮೂತಿಗೆ ತಣ್ಣನೆಯ ಗಾಳಿ ತಾಗಿದ್ದಷ್ಟೇ ಲಾಭ. ಒಳಗೆ ಮರಿಗಳು ಚಿಪ್ಪು ಒಡೆಯುತ್ತಿದ್ದವು.