ಬಾರುಕೋಲಿನ ಕಾವಲು

ಒಂದೇ ನೊಗಕ್ಕೆ ಹೆಗಲು ಕೊಡುತ್ತಿದ್ದ ಜೋಡೆತ್ತುಗಳಲ್ಲಿ ಮಾಸ ಮೈತುಂಬಿಕೊಂಡಿದ್ದ, ಕೆಂದ ಮಾತ್ರ ಎಲುಬಿನ ಗೂಡಾಗಿದ್ದ. ಕೆಂದನಿಗೆ ಇದರ ತಲೆಬುಡ ತಿಳಿಯಲಿಲ್ಲ.

“ಮಾಸಣ್ಣಾ, ಇಬ್ಬರಿಗೂ ಅದೇ ಉಳುಮೆ, ಅದೇ ಮೇವು. ಪೆಟ್ಟು ತಿಂದು ಎಷ್ಟೋ ಕಾಲವಾಯಿತು. ಆದರೂ ತಿಂದದ್ದು ನನ್ನ ಮೈಗೆ ಹತ್ತುವುದಿಲ್ಲವಲ್ಲ, ಯಾಕೆ?”

“ನೊಗ ಇಳಿಸಿದ ಮೇಲೆ ನಾನು ಮಲಗಿ ಮೆಲುಕು ಹಾಕುತ್ತೇನೆ. ನೀನೇನು ಮಾಡುತ್ತೀಯಪ್ಪಾ?”

“ಗೋಡೆಗೆ ತೂಗುಹಾಕಿದ ಬಾರುಕೋಲನ್ನೇ ನೋಡುತ್ತ ನಿಂತಿರುತ್ತೇನೆ. ಗಾಳಿಗೆ ಅದು ಅಲುಗಿದರೂ ಸಾಕು, ತಿಂದ ಹುಲ್ಲು ಹೊಟ್ಟೆಯಲ್ಲೇ ಕಲ್ಲಾಗುತ್ತದೆ.”

“ಹೊಡೆಯದ ಕೋಲಿಗೆ ಹೆದರಿ ಹೊಟ್ಟೆ ಕೆಡಿಸಿಕೊಂಡೆಯಲ್ಲೋ! ಮಲಗು, ಮೊದಲು ಮೆಲುಕು ಹಾಕು.”

ಕೆಂದ ಮಂಡಿಯೂರಿ ಮಲಗಿದ. ಒಂದು ತುತ್ತು ಬಾಯಿಗೆ ಬಂತು. ದವಡೆ ಆಡಿಸುವಷ್ಟರಲ್ಲಿ ಗಾಬರಿಯಿಂದ ಮತ್ತೆ ಎದ್ದು ನಿಂತ.

“ಅಲ್ಲಣ್ಣಾ, ನಾನೂ ಮಲಗಿಬಿಟ್ಟರೆ ಬಾರುಕೋಲನ್ನು ಕಾಯುವವರು ಯಾರು?”